ಬೆಲ್ಲಕ್ಕೇನು ವಿನಾಯಿತಿ?

"ಸಕ್ಕರೆ ವಿಷ, ಬೆಲ್ಲ ಅಮೃತ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವನಿಗೆ ಕಾಯಿಲೆಯ ಭಯವಿಲ್ಲ." ತುಮಕೂರು ರಸ್ತೆಯ ಪಕ್ಕದ ನಮ್ಮ ಮಾಕಳಿಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರೆಲ್ಲ ಈ ಮಾತನ್ನು ಹೇಳಿಕೊಂಡೇ ಬೆಲ್ಲದ ಕಾಫಿ ಕುಡಿಯುತ್ತಾರೆ. ಬೆವರು ಆರುವ ಮೊದಲೇ ಒಂದು ಲೋಟ, ಮಾತು ಬೆಳೆದರೆ ಇನ್ನೊಂದು. ನಡೆದು ಕರಗಿಸಿದ್ದನ್ನು ಕೂತು ತುಂಬಿಕೊಳ್ಳುವ ಈ ಪದ್ಧತಿಗೆ ಆರೋಗ್ಯವೆಂದು ಹೆಸರು. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನನ್ನ ಮನೆಯಲ್ಲೇ ಇದೆ.

ನನ್ನ ಹೆಂಡತಿ ಗೌರಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆಂದು ಹೋದಾಗಲೆಲ್ಲ ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ನೋಡಿ, "ಮೊದ್ಲು ಶುಗರ್ ಇಳೀಲಿ ಅಮ್ಮ, ಆಮೇಲೆ ಮಾಡೋಣ" ಎಂದು ವಾಪಸು ಕಳಿಸುತ್ತಿದ್ದರು. ಅವಳು ಅಕ್ಕಿ ಆರಿಸುವುದನ್ನು ಬಿಟ್ಟಳು, ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಳು, ಬಾಗಿಲಿಗೆ ಬಂದವರನ್ನು ಚಪ್ಪಲಿಯ ಸದ್ದಿನಿಂದ ಗುರುತಿಸತೊಡಗಿದಳು. "ಸಕ್ಕರೆ ಡಬ್ಬಿನೇ ಮುಟ್ಟಿಲ್ಲ ಕಣ್ರೀ ನಾನು. ಇನ್ನೇನ್ ಬಿಡ್ಲಿ?" ಎಂದು ಅವಳು ಕೇಳಿದಾಗ ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಡಬ್ಬಿಯನ್ನು ನಿಜಕ್ಕೂ ಮುಟ್ಟಿರಲಿಲ್ಲ. ಕಾಫಿಗೆ, ರಾಗಿ ಗಂಜಿಗೆ, ದೋಸೆಯ ಪಕ್ಕಕ್ಕೆ ಬೆಲ್ಲವಿತ್ತು. ಸಕ್ಕರೆ ಹಾಕುವಾಗ ಹಿಂಜರಿಯುತ್ತಿದ್ದ ಕೈ ಬೆಲ್ಲಕ್ಕೆ ಧಾರಾಳವಾಗಿತ್ತು.

ಅವಳಿಗೆ ಈ ಬೆಲ್ಲದ ದೀಕ್ಷೆ ಕೊಟ್ಟವನು ನನ್ನ ವಾಕಿಂಗ್ ಜೊತೆಗಾರ ರುದ್ರಪ್ಪ. "ಬೆಲ್ಲದಾಗೆ ಐರನ್ ಐತೆ ಗುರು, ರಕ್ತ ಆಯ್ತದೆ" ಎಂದು ನನಗೂ ಬೋಧಿಸಿದ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು, ಕಬ್ಬಿಣ ಕಡೆಯುತ್ತಲೇ ತಲೆ ನರೆತ ನನಗೆ ಕಬ್ಬಿಣದ ಪಾಠ! ಶಾಲೆಯನ್ನು ಬೇಗ ಬಿಟ್ಟೆನಾದರೂ ಪುಸ್ತಕವನ್ನು ಬಿಟ್ಟವನಲ್ಲ ನಾನು. ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ತಿಳಿದುಕೊಂಡದ್ದಿಷ್ಟು: ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು, ಒಂದು ಬಿಳಿ ಅಂಗಿ ತೊಟ್ಟು ಪೇಟೆ ಸೇರಿತು, ಇನ್ನೊಂದು ಮಣ್ಣಿನ ಬಣ್ಣದಲ್ಲೇ ಉಳಿಯಿತು. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಇರುವುದು ನಿಜ. ಆದರೆ ದೇಹಕ್ಕೆ ಸಾಲುವಷ್ಟನ್ನು ಅದರಿಂದಲೇ ಪಡೆಯಹೊರಟವನು ಜೊತೆಗೆ ಎಷ್ಟು ಸಿಹಿಯನ್ನು ನುಂಗಬೇಕಾದೀತು? ಅದಕ್ಕೆ ಸೊಪ್ಪು, ಕಾಳು ಇವೆಯಲ್ಲ. ಹಣ್ಣಿನ ಸಿಹಿ ನಾರು, ನೀರು, ಸಿಪ್ಪೆಗಳ ಸಂಸಾರ ಸಮೇತ ನಿಧಾನವಾಗಿ ಬರುತ್ತದೆ. ನಾವು ಮೇಲಿಂದ ಸುರಿದುಕೊಳ್ಳುವ ಸಿಹಿ ಒಂಟಿಯಾಗಿ ಓಡಿ ಬಂದು ರಕ್ತಕ್ಕೆ ನುಗ್ಗುತ್ತದೆ. ನುಗ್ಗಿದ್ದರ ಬಣ್ಣವನ್ನು ರಕ್ತ ವಿಚಾರಿಸುವುದಿಲ್ಲ.

ಆದರೆ ಪುಸ್ತಕದ ಮಾತನ್ನೂ ಅಳೆಯದೆ ನಂಬುವುದು ನಮ್ಮ ಕಸುಬಿನವರಿಗೆ ಒಗ್ಗದು. ಬೆರಳ ತುದಿಯ ಹನಿ ರಕ್ತದಲ್ಲಿ ಸಕ್ಕರೆ ತೋರಿಸುವ ಪುಟ್ಟ ಯಂತ್ರವೊಂದನ್ನು ತಂದೆ. ಡಾಕ್ಟರು ಕೊಟ್ಟ ಮಾತ್ರೆ ಎಂದಿನಂತೆ, ತಿಂಡಿಯೂ ಅದೇ. ಒಂದು ದಿನ ಬೆಲ್ಲದ ಕಾಫಿ, ಮರುದಿನ ಬರೀ ಕಾಫಿ. ಹೀಗೆ ಅದಲುಬದಲು ಮಾಡಿದೆ. ವಿಷಯ ತಿಳಿದ ರುದ್ರಪ್ಪ ಕಾಫಿ ಅಂಗಡಿಯ ಮುಂದೆ ಎಲ್ಲರಿಗೂ ಕೇಳುವಂತೆ, "ಹೆಂಡ್ತಿನೂ ಲೇತಿಗೆ ಹಾಕವ್ನೆ ನೋಡ್ರಪ್ಪೋ!" ಎಂದು ಕೂಗಿದ. ನಗುವವರು ನಗಲಿ. ಬೆಲ್ಲದ ದಿನಗಳಲ್ಲೆಲ್ಲ ಅಂಕಿ ಏರುತ್ತಿತ್ತು, ಬರೀ ಕಾಫಿಯ ದಿನ ತಗ್ಗುತ್ತಿತ್ತು. ಗೌರಮ್ಮನಿಗೆ ಅಂಕಿ ಕಾಣುತ್ತಿರಲಿಲ್ಲ; ನಾನೇ ಓದಿ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಅವಳೇ ಬೆಲ್ಲದ ಡಬ್ಬಿಯನ್ನು ತಡವಿ ತೆಗೆದು ನನ್ನ ಕೈಗಿತ್ತಳು. "ಅಟ್ಟದ ಮೇಲಿಡಿ. ನಂಗೆ ಕಣ್ ಬೇಕು."

ಆಮೇಲಿನ ತಿಂಗಳುಗಳನ್ನು ಅವಳ ಹಠವೇ ನಡೆಸಿತು. ಸಪ್ಪೆ ಗಂಜಿಗೆ ಮುಖ ಹಿಂಡುತ್ತಿದ್ದವಳು, ಬರಬರುತ್ತಾ ರಾಗಿಗೂ ತನ್ನದೇ ಒಂದು ರುಚಿಯಿದೆ ಎನ್ನತೊಡಗಿದಳು. ಕೊನೆಗೆ ಡಾಕ್ಟರು ಒಪ್ಪಿದರು, ಒಂದಾದ ಮೇಲೊಂದು ಎರಡೂ ಪೊರೆ ತೆಗೆದರು.

ಗೆದ್ದ ಸಂಭ್ರಮದಲ್ಲಿ ನಾನು ಸಂಜೆಯ ಚಹಾದೊಡನೆ ನನ್ನ ನಿತ್ಯದ ಬಿಸ್ಕತ್ತು ತಿನ್ನುತ್ತಾ ಕುಳಿತಿದ್ದೆ. ಪೊಟ್ಟಣದ ಮೇಲೆ ಗೋಧಿ ತೆನೆಯ ಚಿತ್ರ, 'ಆರೋಗ್ಯಕ್ಕಾಗಿ' ಎಂಬ ಭರವಸೆ. ಬೆಲ್ಲದ ವಿರುದ್ಧ ಸಮರ ಸಾರಿದ್ದ ದಿನಗಳಲ್ಲೂ ಈ ಪೊಟ್ಟಣ ನನ್ನ ಪಕ್ಕದಲ್ಲೇ ಇತ್ತು. ಹೊಸ ಕಣ್ಣಿನ ಹುರುಪಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ ಗೌರಮ್ಮ ಅದನ್ನೂ ತಿರುಗಿಸಿ, ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿದಳು.

"ರೀ, ಹಿಟ್ಟಾದ್ಮೇಲೆ ಎರಡನೇ ಹೆಸ್ರೇ ಸಕ್ಕರೆ. ಕೆಳಗೆ ಇನ್ನೊಂದು ಸಿರಪ್ ಬೇರೆ ಐತೆ."

"ಅದು ಗೋಧಿ ಬಿಸ್ಕತ್ತು ಕಣೇ" ಎಂದೆ.

"ನಾನೂ ಬೆಲ್ಲ ತಾನೆ ಅಂತಿದ್ದೆ. ಎಲ್ಲಿ, ಬೆರಳು ಕೊಡಿ."

ಕೊಟ್ಟೆ. ಏರಿದ್ದ ಅಂಕಿಯನ್ನು ಈ ಸಲ ಅವಳೇ ಓದಿದಳು, ಕನ್ನಡಕವಿಲ್ಲದೆ. ಆ ಪೊಟ್ಟಣವೂ ಈಗ ಅಟ್ಟದ ಮೇಲೆ ಬೆಲ್ಲದ ಪಕ್ಕದಲ್ಲಿದೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ನಿಮ್ಮ ಮನೆಯ ಪೊಟ್ಟಣವನ್ನೇ ತಿರುಗಿಸಿ, ಹಿಂಬದಿಯ ಸಣ್ಣಕ್ಷರಗಳನ್ನು ನೋಡಿ. ಓದಲು ಕಷ್ಟವಾದರೆ ಮಾಕಳಿಗೆ ತನ್ನಿ, ಗೌರಮ್ಮ ಓದಿ ಹೇಳುತ್ತಾಳೆ.