ಮಗಳ ಹಲ್ಲಿನ ಬಗ್ಗೆ ಕೇಳಿದ ಅಪರಿಚಿತ

ಗೆಳೆಯರೇ, ಇವತ್ತು ಬೆಳಿಗ್ಗೆ ಕೆರೂರ ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತನೊಬ್ಬ ನನ್ನ ಆರು ವರ್ಷದ ಮಗಳನ್ನು ಹೆಸರು ಹಿಡಿದು ಕರೆದ. ಆ ಹೆಸರನ್ನು ನಾನು ಇಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ.

"ಮುಂದಿನ ಹಲ್ಲು ಬಿದ್ದಿತ್ತಲ್ಲ, ಬಂತೇನವಾ?"

ಮಗಳು ಖುಷಿಯಿಂದ ಬಾಯಿ ತೆರೆದು ತೋರಿಸಿದಳು. ನಾನು ಅವಳನ್ನು ಹಿಂದಕ್ಕೆ ಎಳೆದುಕೊಂಡೆ.

"ಯಾರ್ರಿ ನೀವು?"

"ಗಾಬರಿ ಆಗಬ್ಯಾಡ್ರಿ ಅಕ್ಕಾರ. ನೀವು ಹಾಕಿದ್ದೆಲ್ಲಾ ಮೊಬೈಲ್‌ನ್ಯಾಗ ನೋಡ್ತೇನಿ. ಇವತ್ತು ಐತವಾರ, ಬನಶಂಕರಿಗೆ ತವರಮನಿಗೆ ಹೊಂಟೀರಿ, ಹೌದಿಲ್ರಿ?"

ಹೌದು. ಹಲ್ಲು, ಹೆಸರು, ಭಾನುವಾರದ ಬಸ್ಸು, ಎಲ್ಲವನ್ನೂ ನಾನೇ ಇಲ್ಲಿ ಫೋಟೊ ಸಮೇತ ಹಾಕಿದ್ದೆ. ಆತ ಒಂದೂ ಕೆಟ್ಟ ಮಾತಾಡದೆ ನಕ್ಕು ಹೊರಟುಹೋದ. ಏನೆಂದು ದೂರು ಕೊಡಲಿ? ಬಸ್ಸು ಬಾದಾಮಿಗೆ ಬಂದರೂ ಮಗಳ ಕೈ ಮೇಲಿನ ನನ್ನ ಹಿಡಿತ ಸಡಿಲವಾಗಲಿಲ್ಲ.

"ಅವ್ವಾ, ಕೈ ನೋಯಾಕತ್ತೈತಿ" ಎಂದಳು ಮಗಳು.

ತವರಿಗೆ ಬಂದವಳೇ ಅವಳ ಫೋಟೊಗಳನ್ನೆಲ್ಲ ಅಳಿಸಿದೆ. ಮದುವೆಗೆ ಮುಂಚೆ ಬರೆಯುತ್ತಿದ್ದ, ಹತ್ತು ಜನ ಓದುತ್ತಿದ್ದ ಹಳೆಯ ಬ್ಲಾಗಿಗೆ ವಾಪಸ್ ಹೋಗುತ್ತಿದ್ದೇನೆ. ಅಲ್ಲಿ ನನ್ನ ಕಥೆಗಳಿರುತ್ತವೆ, ಮಗಳಿರುವುದಿಲ್ಲ. ಇಲ್ಲಿ ಇದೇ ಕೊನೆಯ ಪೋಸ್ಟ್.

ಬ್ಲಾಗಿನ ವಿಳಾಸ ಬೇಕಾದವರು ಮನೆಗೇ ಬಂದು ಕೇಳಿ. ಮನೆ ಎಲ್ಲಿದೆ ಎಂಬುದು ಹೇಗೂ ನಿಮಗೆಲ್ಲ ಗೊತ್ತಿದೆ.