ಏಟು ತಿನ್ನುವ ಇಸಿಂಗಕ್ಕ

ಮನಿಲಾದ ಸಿನಿಮಾದಲ್ಲಿ ಮನೆಗೆಲಸದವಳೆಂದರೆ ಇಸಿಂಗಕ್ಕನೇ. ನಾಯಕಿಗೆ ಸಿಟ್ಟು ಬಂದರೆ ಇವಳ ಕಪಾಳಕ್ಕೆ ಬಾರಿಸಲೇಬೇಕು, ಅದೂ ನಿಜವಾಗಿ. ಹುಸಿ ಏಟಿಗೆ ನಮ್ಮ ಜನ ಶಿಳ್ಳೆ ಹೊಡೆಯುವುದಿಲ್ಲ. ಊರಿನ ಅರ್ಧ ನಾಯಕಿಯರ ಬೆರಳಚ್ಚು ಆ ಎಡಗೆನ್ನೆಯ ಮೇಲಿದೆ. ಈಗ ತೆಗೆಯುತ್ತಿರುವುದು ತಾರೆಯರ ಜಂಬವನ್ನು ಗೇಲಿ ಮಾಡುವ ಹಾಸ್ಯಚಿತ್ರವಂತೆ. ಗೇಲಿ ತಾರೆಯದು, ಏಟು ಮಾತ್ರ ಇವಳಿಗೇ. ಹೊಸ ನಾಯಕಿ ಮೆಲ್ಲಗೆ ಕೆನ್ನೆ ಸವರಿ ಬಿಟ್ಟರೆ ಇವಳೇ ಧೈರ್ಯ ಹೇಳಬೇಕು: "ಹೊಡಿಯೇ ಮಗಳೇ, ನೊಣ ಓಡಿಸ್ತಿದ್ದೀಯಾ? ನಮ್ಮತ್ತೆ ಇದಕ್ಕಿಂತ ಚೆನ್ನಾಗಿ ಬಾರಿಸ್ತಿದ್ಲು!" ಏಟು ಬಿದ್ದ ಮೇಲೆ ಇಸಿಂಗಕ್ಕ ಅಳುವುದನ್ನು ನೋಡಬೇಕು, ನಿರ್ದೇಶಕರು "ಕಟ್" ಎಂದರೂ ನಿಲ್ಲಿಸುವುದಿಲ್ಲ. "ನೋಡಿ ಕಲೀರಿ, ಪಾತ್ರದೊಳಗೆ ಹೇಗೆ ಮುಳುಗಿಹೋಗ್ತಾಳೆ!" ಎಂದು ಅವರು ಕೂಗುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೊನ್ನೆ ಊಟದ ಹೊತ್ತಿನಲ್ಲಿ ನಾನೂ ಅವಳ ಎಡಕ್ಕೆ ಕೂತು ಅದೇ ಮಾತು ಹೇಳಿದೆ. ತಿರುಗಿಯೂ ನೋಡಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ನನ್ನನ್ನು ಬಲಕ್ಕೆ ಎಳೆದು ಕೂರಿಸಿಕೊಂಡಳು. "ಆ ಕಿವಿ ಪೂರಾ ಹೋಯ್ತು ತಮ್ಮಾ, ಈ ಕಡೇದೂ ಅರ್ಧಂಬರ್ಧ. ಕಟ್ ಅಂದಿದ್ದು ಯಾರಿಗೆ ಕೇಳುತ್ತೆ? ಡೈರೆಕ್ಟ್ರ ಹತ್ರ ಬಾಯಿಗೀಯಿ ಬಿಟ್ಟೀಯ! ಕಿವುಡಿ ಅಂತ ಗೊತ್ತಾದ್ರೆ ಈ ಏಟೂ ಬೇರೆಯವಳ ಪಾಲಾಗುತ್ತೆ."