ಬೋರಲು ಮಲಗಿದವರ ಮಾತು

ನನ್ನ ಅಣ್ಣ ಹಾರ್ಲನ್ ಯುದ್ಧ ಮುಗಿಸಿ ಅಯೋವಾದ ನಮ್ಮ ಹೊಲಕ್ಕೆ ಮರಳಿದಾಗಲೇ ಅವನಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ಸಯಾಟಿಕಾ ನೋವು ಅಂಟಿಕೊಂಡಿತ್ತು. ಟ್ರ್ಯಾಕ್ಟರ್ ಹತ್ತಲು ಎಡಗಾಲನ್ನು ಕೈಯಿಂದ ಎತ್ತಿ ಇಡಬೇಕಿತ್ತು. ಆ ಕಾಲನ್ನು ಮಗುವಿನಂತೆ ಸಾಕಿದವಳು ಅತ್ತಿಗೆ ವರ್ಲಾ. ಮರಳಿನ ಚೀಲ ಬಿಸಿಮಾಡಿ ಇಡುವುದು, ಕುದುರೆಗೆ ಹಚ್ಚುವ ಎಣ್ಣೆ ತಂದು ತಿಕ್ಕುವುದು, ಬೂಟಿನ ದಾರ ಕಟ್ಟುವುದು, ಎಲ್ಲ ಅವಳದೇ. ಹಾರ್ಲನ್ ನರಳುತ್ತಿದ್ದನೇ ಹೊರತು ಮಾತಾಡುವ ಗಂಡಸಲ್ಲ.

ಒಂದು ವಸಂತದಲ್ಲಿ ನೆವಾ ರೂಪ್ ಎಂಬ ವಿಧವೆ ಡೇವನ್‌ಪೋರ್ಟಿನಲ್ಲಿ ಕಲಿತು ಬಂದು, ನಮ್ಮ ಪೇಟೆಯಲ್ಲಿ ಕೈರೋಪ್ರ್ಯಾಕ್ಟರ್ ಎಂದು ಬೋರ್ಡು ಹಾಕಿದಳು. ಗುಳಿಗೆಯಿಲ್ಲ, ಸೂಜಿಯಿಲ್ಲ, ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ವಿದ್ಯೆ. ಅಗಲ ಭುಜ, ದೊಡ್ಡ ನಗು. ಅಣ್ಣನನ್ನು ಅಲ್ಲಿಗೆ ಅಟ್ಟಿದವಳು ವರ್ಲಾನೇ. ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ಅವನು ಬಗ್ಗಿ ತನ್ನ ಬೂಟು ತಾನೇ ಕಟ್ಟಿಕೊಂಡ. ಹಂದಿಗಳಿಗೆ ಮೇವು ಹಾಕುತ್ತಾ ಶಿಳ್ಳೆ ಹೊಡೆದ.

"ನಾನು ತಿಕ್ಕಿ ತಿಕ್ಕಿ ಕೈ ಸವೆಸ್ಕೊಂಡೆ, ಅರ್ಡಿಸ್," ಎಂದಳು ವರ್ಲಾ ನಾದಿನಿಯಾದ ನನ್ನ ಬಳಿ. "ಅವಳು ಲಟಕ್ ಅನ್ಸಿದ್ಲು, ದೇವತೆಯಾದ್ಲು! ಅಲ್ಲಿಗೆ ಹೋಗೋ ದಿನ ನಿಮ್ಮಣ್ಣ ಗಡ್ಡ ಬೋಳಿಸ್ಕೋತಾನೆ. ಮದುವೆ ದಿನಾನೂ ಅಷ್ಟು ನುಣ್ಣಗೆ ಬೋಳಿಸಿರ್ಲಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಚರ್ಚಿನಲ್ಲಿ ಕಾಫಿ ಕುಡಿಯುವಾಗ ನೆವಾ ಬಂದು ವರ್ಲಾಳ ತೋಳು ಮುಟ್ಟಿದಳು. "ತೀರಿಹೋದ ತಮ್ಮನ ವಿಷಯ, ಆ ಕ್ಲೈಡ್ ವಿಷಯ ಹೇಳಿದ್ರು ಹಾರ್ಲನ್. ಮಂಜುಗಡ್ಡೆ ಒಡೆದು ಆ ಹುಡುಗ ನದಿಗೆ ಬಿದ್ದಾಗ ಕೈಗವಸು ಮಾತ್ರ ಇವರ ಕೈಗೆ ಬಂತಂತೆ. ಎಷ್ಟು ವರ್ಷದಿಂದ ಆ ಸಂಕಟ ಹೊತ್ಕೊಂಡಿದ್ದಾರೆ, ಪಾಪ."

ವರ್ಲಾಳ ಮುಖ ಸುಣ್ಣವಾಯಿತು. ಆ ಸಾವಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ಆವತ್ತು ಇವನು ಜೊತೆಗಿದ್ನಾ?"

ಹೌದೆಂದೆ.

"ಒಂದೇ ಹಾಸಿಗೇಲಿ ಮಲಗೋಳಿಗೆ ಸಮಾಧಿ ಕಲ್ಲಿನ ಮೇಲಿನ ಹೆಸರಷ್ಟೇ. ಅವಳಿಗೆ ಪೂರ್ತಿ ಕಥೆ!"

ಅಂದಿನಿಂದ ಅವಳ ಹೊಟ್ಟೆಯಲ್ಲಿ ಕಿಚ್ಚು ಆರಲೇ ಇಲ್ಲ. ಹಾರ್ಲನ್ ನೆವಾಳ ಕೋಣೆಯೊಳಗಿದ್ದರೆ ಎದುರಿನ ಅಂಗಡಿಯಲ್ಲಿ ಬೇಡದ ಗುಂಡಿ, ದಾರ ಆರಿಸುತ್ತಾ ಆ ಕಿಟಕಿಯ ಪರದೆಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ಅವನು ಶಿಳ್ಳೆ ಹೊಡೆದರೆ ಪಾತ್ರೆ ಕುಕ್ಕುತ್ತಿದ್ದಳು.

ಸುಗ್ಗಿಯ ಸಮಯದಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಎತ್ತಲು ಹೋಗಿ ಅವಳ ಸೊಂಟವೇ ಹಿಡಿಯಿತು. ತೊಡೆಯಲ್ಲಿ ಕಾದ ತಂತಿ ಎಳೆದ ಹಾಗೆ ಉರಿ. ಅಡುಗೆಮನೆಯ ನೆಲದ ಮೇಲೆ ಬಿದ್ದುಕೊಂಡೇ ಕಿರುಚಿದಳು: "ಸತ್ರೂ ಅವಳ ಹತ್ರ ಬರಲ್ಲ!" ಹಾರ್ಲನ್ ಅವಳನ್ನು ಎತ್ತಿ ಪಿಕಪ್ ಗಾಡಿಯಲ್ಲಿ ಮಲಗಿಸಿದ. ನಾನೂ ಅವಳ ಜೊತೆ ಒಳಗೆ ಹೋದೆ.

ನೆವಾಳ ಮೇಜಿನ ಮೇಲೆ ಬೋರಲು ಮಲಗಿ ವರ್ಲಾ ಕೇಳಿಯೇಬಿಟ್ಟಳು. "ನನ್ನ ಗಂಡ ನಿಮ್ಮ ಹತ್ರ ಯಾಕೆ ಅಷ್ಟೊಂದು ಮಾತಾಡ್ತಾನೆ?"

"ಇಲ್ಲಿ ಎಲ್ರೂ ಮಾತಾಡ್ತಾರೆ. ನನ್ನ ಮುಖ ಕಾಣಿಸಲ್ವಲ್ಲ," ಎಂದಳು ನೆವಾ, ಬೆರಳಿನಿಂದ ಮೂಳೆ ತಡವುತ್ತಾ. "ಆದ್ರೂ ಚರ್ಚಲ್ಲಿ ನಾನು ಬಾಯಿ ಬಿಡಬಾರ್ದಿತ್ತು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಈಗ ಪಕ್ಕಕ್ಕೆ ತಿರುಗಿ."

"ನಿಮ್ಮನ್ನ ಕಂಡ್ರೆ ನನಗಾಗಲ್ಲ."

"ಗೊತ್ತು. ಉಸಿರು ಬಿಡಿ."

ಲಟಕ್! ವರ್ಲಾ ಕೂಗಿದಳು. ಆಮೇಲೆ ಇಬ್ಬರೂ ನಗತೊಡಗಿದರು. ವರ್ಲಾಳಿಗಂತೂ ಕಣ್ಣಲ್ಲಿ ನೀರು.

ಹೊರಗೆ ಹಾರ್ಲನ್ ಟೋಪಿ ಹಿಸುಕುತ್ತಾ ನಿಂತಿದ್ದ. "ಏನಷ್ಟು ನಗು? ನನ್ನ ವಿಷಯಾನಾ?"

"ಹೆಂಗಸರ ಮಾತು," ಎಂದಳು ವರ್ಲಾ. ಮನೆ ಮುಟ್ಟುವವರೆಗೂ ಅವನು ಕೇಳಿದ, ಅವಳು ಹೇಳಲಿಲ್ಲ. ಅಷ್ಟು ಸುಖದಲ್ಲಿ ಅವಳನ್ನು ನಾನು ಕಂಡಿರಲಿಲ್ಲ.

ಅವಳ ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಚಳಿಗಾಲವಿಡೀ ಹೋಗಿ ಬಂದಳು. ಆ ಚಳಿಗಾಲದಲ್ಲೇ ಹಾರ್ಲನ್ ಕೊಟ್ಟಿಗೆಯಲ್ಲಿ ಅವಳಿಗೆ ಬೆನ್ನು ಮಾಡಿ ಹಾಲು ಕರೆಯುತ್ತಾ, ಕ್ಲೈಡ್‌ನ ಕಥೆಯನ್ನು ತಾನಾಗಿ ಹೇಳಿದನಂತೆ. ಅವಳು ಅಲುಗಾಡದೆ ನಿಂತು ಕೇಳಿದಳಂತೆ.

"ಈಗ ಸಮಾಧಾನವಾಯ್ತಾ?" ಎಂದೆ.

"ಅವಳು ನನಗಿಂತ ಮೊದಲು ಕೇಳಿದ್ಲಲ್ಲ," ಎಂದಳು ಅತ್ತಿಗೆ, ರೊಟ್ಟಿಯ ಹಿಟ್ಟನ್ನು ಗುದ್ದುತ್ತಾ.